ಕೋಟಿನ ಮೇಲಿನ ಕೈ

1995, ಫೆಬ್ರುವರಿ 6, ಸೋಮವಾರ

ಫೋಟೊ ತೊಳೆಯುವ ಹೈಪೊ ದ್ರಾವಣ ಮತ್ತೆ ಕೆಟ್ಟಿತ್ತು. ಹೊಸದು ಕಲಸಿಟ್ಟೆ. ಕಾಗವಾಡದ ಶಾಲೆಯಲ್ಲಿ ಇವತ್ತು ಇನ್ನೂರ ಹನ್ನೊಂದು ಮುಖ, ಚುನಾವಣೆಯ ಗುರುತಿನ ಚೀಟಿಗೆ. ಎಲ್ಲರ ಕೈಯಲ್ಲೂ ಒಂದು ಸ್ಲೇಟು, ಅದರ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ನಂಬರು. ಎದೆಯ ಮುಂದೆ ಹಿಡಿಸಿ ತೆಗೆಯಬೇಕು. ಪೊಲೀಸರು ಕಳ್ಳರ ಫೋಟೊ ತೆಗೆಸುವುದೂ ಹೀಗೆಯೇ. ಕಚೇರಿಯಿಂದ ಬಂದಿದ್ದ ಗುಮಾಸ್ತನಿಗೆ ಅದನ್ನೇ ಹೇಳಿದೆ. "ಅದೆಲ್ಲಾ ನಿಮಗ್ಯಾಕ್ರಿ, ಬಟನ್ ಒತ್ರಿ" ಎಂದ. ಒತ್ತಿದೆ.

ಸ್ವಾತಂತ್ರ್ಯ ಬಂದು ನಲವತ್ತೇಳು ವರ್ಷ. ಈಗ ಸರಕಾರಕ್ಕೆ ಜನರ ಮುಖ ಬೇಕಾಗಿದೆ. ನನ್ನನ್ನು ಕೇಳಿದ್ದರೆ ಆಗಲೇ ಕೊಡುತ್ತಿದ್ದೆ... ಇಪ್ಪತ್ತಾರು ವರ್ಷದ ಮುಖಗಳು ಬಿಸ್ಕಿಟ್ ಡಬ್ಬಿಗಳಲ್ಲಿವೆ. ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ನಿಪ್ಪಾಣಿಯ ಹೆಂಗಸರು. ಚಿಕ್ಕೋಡಿಯ ದನದ ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಮಾತಾಡುವ ದಲಾಲರು. ಬೋರಗಾಂವದಲ್ಲಿ ಪವರ್‌ಲೂಮಿನ ಸದ್ದಿನ ನಡುವೆಯೇ ನಿದ್ದೆ ಹೋದವನೊಬ್ಬ. ತೆಲಸಂಗದ ಬಿಳಿಜೋಳದ ರಾಶಿ. ಒಮ್ಮೆ ಬೆಂಗಳೂರಿನ ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ದೃಶ್ಯಗಳು ರಮಣೀಯವಾಗಿಲ್ಲ ಎಂಬ ಚೀಟಿಯ ಜೊತೆ ಮರಳಿ ಬಂದವು. ಚೀಟಿಯೂ ಡಬ್ಬಿಯಲ್ಲಿದೆ. ನಾನು ಏನನ್ನೂ ಎಸೆಯುವುದಿಲ್ಲ.

ಫೆ. 8, ಬುಧವಾರ

ಜುಗೂಳ. ಶಾಲೆಯ ವರಾಂಡದಲ್ಲಿ ಬಿಳಿ ಬಟ್ಟೆ ಕಟ್ಟಿ ಶುರು ಮಾಡಿದೆ. ಹೆಸರು ಬರೆದುಕೊಳ್ಳುವವರು ಆ ಶಾಲೆಯ ಕಾಮಣ್ಣ ಮಾಸ್ತರ. ಊಟದ ನಂತರ ಪಾಳಿಯಲ್ಲಿ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು. ಹೆಸರು ಸತ್ತೆವ್ವ.

"ಗಂಡನ ಹೆಸರು?"

"ಮುರಗೆಪ್ಪ."

ಪಾಳಿಯಲ್ಲಿ ನಗು. ಕಾಮಣ್ಣ ಪೆನ್ನು ಎತ್ತಿದರು. "ಯಾವ ಮುರಗೆಪ್ಪ ಬೇ?"

"ಹೊಳಿದಂಡಿ ಹೊಲದ ಮುರಗೆಪ್ಪ. ಸತ್ತು ಹನ್ನೊಂದು ವರ್ಷಾತು."

"ಅವ್ರ ಹೆಂಡ್ತಿ ಕಸ್ತೂರೆವ್ವ. ಮುಂಜಾನೆನ ಬಂದು ಫೋಟೊ ತಗಿಸ್ಕೊಂಡು ಹೋದ್ರಲ್ಲ."

"ಅಕಿನೂ ಹೌದು, ನಾನೂ ಹೌದು."

"ನಿಮ್ಮಪ್ಪನ ಹೆಸರ ಹೇಳ. ಅದನ್ನ ಬರೀತೀನಿ."

"ನಮ್ಮಪ್ಪನ ಕೂಡ ಬಾಳೇ ಮಾಡೇನೇನ್ರಿ ನಾನು? ಮುರಗೆಪ್ಪ ಅಂತ ಬರೀರಿ."

ಹಿಂದಿನಿಂದ ಯಾರೋ ಮುದುಕ ಕೂಗಿದ: "ಬರೀರಿ ಮಾಸ್ತರ, ಶಾಯಿ ಸರಕಾರದ್ದು!" ಕಾಮಣ್ಣ ಬರೆಯಲಿಲ್ಲ. ಜಾಗ ಖಾಲಿ ಬಿಟ್ಟು ಸ್ಲೇಟು ಕೊಟ್ಟರು.

ಅವಳು ಕುಳಿತಳು. ಸ್ಲೇಟು ಎತ್ತಿದಳು. ಫೋಕಸ್ ಮಾಡಿದೆ — ನನ್ನ ಬೆರಳು ಬಟನ್ ಮೇಲೆಯೇ ನಿಂತುಬಿಟ್ಟಿತು. ಬಲಗೈ. ಕಿರುಬೆರಳು ಅರ್ಧ ಇಲ್ಲ. ಮುಂಗೈ ಮೇಲೆ ಹಚ್ಚೆಯ ಐದು ಚುಕ್ಕೆ, ಅದರ ಕೆಳಗೊಂದು ಅಡ್ಡಗೆರೆ.

ಈ ಮುಖ ನಾನು ಕಂಡವನಲ್ಲ. ಈ ಕೈ ಬಲ್ಲೆ. ಮೂರು ದಿನ ಕುಳಿತು ಇದನ್ನು ಅಳಿಸಿದವನು ನಾನೇ.

"ಯಾಕ್ರಿ, ರೀಲ್ ಮುಗೀತೇನು?" ಎಂದಳು.

ಫೆ. 9

ಬೆಳಿಗ್ಗೆ 1984ರ ಡಬ್ಬಿ ತೆಗೆದೆ. ಬರೆದಿಡಬೇಕು. ಬರೆಯದಿದ್ದರೆ ನನ್ನ ನೆನಪು ನನ್ನ ಪರವಾಗಿ ವಕಾಲತ್ತು ಶುರು ಮಾಡುತ್ತದೆ.

ಆ ವರ್ಷ ಮಾರ್ಚ್‌ನಲ್ಲಿ ಮುರಗೆಪ್ಪ ತೀರಿಕೊಂಡ. ಕಬ್ಬಿನ ಹೊಲ, ದ್ರಾಕ್ಷಿ ತೋಟ, ದೊಡ್ಡ ಮನೆತನ. ಫೋಟೊಕ್ಕೆ ಕರೆ ಬಂತು. ಸತ್ತವರಿಗೆ ಹೊಸ ಬಟ್ಟೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಮನೆಮಂದಿ ಸುತ್ತ ಕುಳಿತು ಫೋಟೊ ತೆಗೆಸುವುದು ನಮ್ಮ ಕಡೆ ನಡೆದುಬಂದದ್ದು. ಎಷ್ಟೋ ಜನರಿಗೆ ಮೊದಲ ಫೋಟೊವೂ ಅದೇ. ಆದರೆ ತಲೆ ನಿಲ್ಲುವುದಿಲ್ಲ. ಒಬ್ಬರು ಕುರ್ಚಿಯ ಹಿಂದೆ ಕುಕ್ಕರಿಸಿ, ಮೇಲೆ ಚಾದರ ಹೊದ್ದು, ಹಿಂದಿನಿಂದ ತಲೆ ಹಿಡಿದಿರಬೇಕು. ಫೋಟೊದಲ್ಲಿ ಅವರು ಕಾಣುವುದಿಲ್ಲ.

ಅವತ್ತು ಮುರಗೆಪ್ಪನ ರುಮಾಲು ಓರೆಯಾಗಿತ್ತು. ನೇರ ಮಾಡಲು ಕೈ ಚಾಚಿದೆ. ದೊಡ್ಡ ಮಗ ಬಾಬಾಸಾಹೇಬ ತಡೆದ. ಅವನ ಮಾತು ಇದ್ದಹಾಗೇ ನೆನಪಿದೆ: "ಕೈ ಹಚ್ಚಬ್ಯಾಡ್ರಿ. ಜಳಕಾ ಮಾಡಿಸಿ ಇಬತ್ತಿ ಹಚ್ಚಿದ ಮ್ಯಾಲ ಮನಿಯವ್ರ ಬಿಟ್ಟು ಯಾರೂ ಮುಟ್ಟೂಹಂಗಿಲ್ಲ. ನಮ್ಮ ಮನೀ ಕಟ್ಟು ಐತಿ." ವಿಭೂತಿ ಹಚ್ಚಿದ ಹಣೆಯ ಹತ್ತಿರ ಹೋಗಿದ್ದ ಕೈ ಹಿಂದೆಗೆದುಕೊಂಡೆ. ಚಾದರದ ಕೆಳಗೆ ಯಾರಿದ್ದರೋ ನೋಡಲಿಲ್ಲ.

ಬಟನ್ ಒತ್ತುವ ಹೊತ್ತಿಗೆ ತಲೆ ಜಾರಿರಬೇಕು. ಪ್ರಿಂಟಿನಲ್ಲಿ ಮುರಗೆಪ್ಪನ ಕರಿ ಕೋಟಿನ ಮೇಲೆ, ಕೊರಳಪಟ್ಟಿಯ ಪಕ್ಕದಲ್ಲಿ, ಹಿಂದಿನಿಂದ ಬಂದ ಒಂದು ಕೈ. ಮೂರು ಗಾಜಿನ ಬಳೆ. ಬೀಳುತ್ತಿರುವ ಮನುಷ್ಯನನ್ನು ಹಿಡಿದ ಹಾಗೆ ಬಿಗಿಯಾಗಿ.

ವಾರದ ಮೇಲೆ ಬಾಬಾಸಾಹೇಬ ಅಂಗಡಿಗೆ ಬಂದ. "ಈ ಕೈ ತಗೀರಿ ನಾಮದೇವ ಕಾಕಾ. ಬೀಗರು-ಪಾವಣ್ಯಾರು ಬಂದ್ರ ಯಾರ ಕೈ ಅಂತ ಕೇಳ್ತಾರ."

ತೆಗೆದೆ. ದೊಡ್ಡ ಪ್ರಿಂಟ್ ಹಾಕಿ, ಕುಂಚದಿಂದ ಕೋಟಿನ ಕಪ್ಪು ತುಂಬಿ, ನೇಯ್ಗೆಯ ಎಳೆ ಸಹ ಬಿಡಿಸಿ, ಅದನ್ನೇ ಮತ್ತೆ ಫೋಟೊ ಹೊಡೆದೆ. ಅದರಿಂದ ಹನ್ನೆರಡು ಪ್ರತಿ. ಇಂಥ ಕೆಲಸ ಮಿರಜದಲ್ಲೂ ಆಗುವುದಿಲ್ಲ ಎಂದು ಎಲ್ಲರೂ ಹೊಗಳಿದರು. ಹಿಗ್ಗಿದೆ. ಯಾರ ಕೈ ಎಂದು ಕೇಳಲಿಲ್ಲ. ದಿನಕ್ಕೆ ಎರಡು ಪತ್ರಿಕೆ ಓದುವವನು, ಊರಿನ ಪ್ರತಿ ಅನ್ಯಾಯಕ್ಕೂ ಸಂಪಾದಕರಿಗೆ ಪತ್ರ ಬರೆಯುವವನು — ಕೇಳಲಿಲ್ಲ.

ಅಸಲು ನೆಗೆಟಿವ್ ಡಬ್ಬಿಯಲ್ಲೇ ಇದೆ. ಬೆಳಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಕರಿ ಕೋಟು ಬೆಳ್ಳಗೆ, ಕೈ ಕಪ್ಪಗೆ.

ಫೆ. 13, ಸೋಮವಾರ

ಸತ್ತೆವ್ವನೇ ಬಂದಳು. ಜುಗೂಳದಿಂದ ಟೆಂಪೊ ಹಿಡಿದು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಅವತ್ತ ನನ್ನ ಕೈ ನೋಡಿ ಯಾಕ ಅಂಜಿದ್ರಿ?"

ಒಳಗೆ ಕರೆದೆ. ಹೆಂಡತಿ ಭೀಮಾಬಾಯಿ ನೀರು ಕೊಟ್ಟಳು. ಸತ್ತೆವ್ವ ತನ್ನ ಕಥೆಯನ್ನು ಯಾರದೋ ಕಥೆ ಹೇಳಿದಂತೆ ಹೇಳಿದಳು. ಕಬ್ಬು ಕಡಿಯಲು ಬಂದವಳು. ಕಡಿಯುವ ಕತ್ತಿ ಕೊಯ್ತ ತಗುಲಿ ಬೆರಳು ಹೋದಾಗ ಮುರಗೆಪ್ಪನೇ ಗಾಡಿ ಹೂಡಿ ಮಿರಜದ ದವಾಖಾನೆಗೆ ಒಯ್ದನಂತೆ. ಆಮೇಲೆ ಹೊಳೆದಂಡೆಯ ಹೊಲದಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿಕೊಟ್ಟ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾಳೆ. ಈಗ ಅಲ್ಲಿ ಬಾಬಾಸಾಹೇಬನಿಗೆ ದ್ರಾಕ್ಷಿ ಒಣಗಿಸುವ ಬೆದಾಣಿ ಶೆಡ್ ಬೇಕಾಗಿದೆ. ಮನೆ ಕೆಡವುತ್ತೇನೆ ಎಂದಿದ್ದಾನೆ. ಅವಳು ಅಥಣಿಯ ಕೋರ್ಟಿಗೆ ಹೋಗಿದ್ದಾಳೆ. ಅಲ್ಲಿ ಅವನ ಹೇಳಿಕೆ: ಅವಳು ಕೂಲಿಯಾಳು. ನಮ್ಮ ಮನೆಯ ಹೊಸ್ತಿಲು ಒಮ್ಮೆಯೂ ತುಳಿದವಳಲ್ಲ.

"ಆಸ್ತಿ ಬ್ಯಾಡ್ರಿ ನನಗ. ಇದ್ದ ಮನಿಯಿಂದ ಎಬ್ಬಸಬಾರ್ದು. ಅಷ್ಟ."

ಕೈ ಅಳಿಸಿದ್ದನ್ನು ಹೇಳಿ, ನೆಗೆಟಿವ್ ಕಿಟಕಿಗೆ ಹಿಡಿದು ತೋರಿಸಿದೆ. ಅರ್ಥವಾಗಲಿಲ್ಲ. ಒಂದು ಪ್ರಿಂಟ್ ಹಾಕಿದೆ. ಕಾಗದ ನೀರಿನಲ್ಲಿರುವಾಗಲೇ ಬಾಗಿ ನೋಡಿದಳು. ತುಂಬ ಹೊತ್ತು. ತಾನು ಆ ಫೋಟೊದಲ್ಲಿ ಇದ್ದೇನೆಂದು ಹನ್ನೊಂದು ವರ್ಷ ಅವಳಿಗೆ ಗೊತ್ತಿರಲಿಲ್ಲ.

"ಇವು ಹಸರ ಬಳಿ," ಎಂದಳು. "ಅವತ್ತ ಸಂಜಿಮುಂದ ಹೊಳಿಗೆ ಹೋಗಿ ನಾನ ಒಡಕೊಂಡೆ. ಕೂಲಿ ಮಾಡಾಕಿ ಯಾರ ಸಲುವಾಗಿ ಬಳಿ ಒಡಕೊತಾಳ್ರಿ?"

ಭೀಮಾಬಾಯಿ ನನ್ನ ಕಡೆ ನೋಡಿದಳು. ಆ ಕೈ ಅಳಿಸಿದ್ದಕ್ಕೆ ಸಿಕ್ಕ ಹೊಗಳಿಕೆಯನ್ನು ಅವಳೂ ಕೇಳಿದ್ದಳು. ಸತ್ತೆವ್ವ ಹೋದ ಮೇಲೆ ಒಂದೇ ಮಾತು: "ತಗದಾವ್ರು ನೀವು. ಹಾಕಾವ್ರೂ ನೀವ."

ಫೆ. 16

ಅಥಣಿಗೆ ಹೋಗಿ ಸತ್ತೆವ್ವನ ವಕೀಲ ಲಗಮಣ್ಣನವರನ್ನು ಕಂಡೆ. ಫೋಟೊ ನೋಡಿ ಕುರ್ಚಿಯಿಂದ ಅರ್ಧ ಎದ್ದರು. ಮತ್ತೆ ಕುಳಿತರು.

"ಪ್ರಿಂಟ್ ಸಾಲಂಗಿಲ್ರಿ. ನೆಗೆಟಿವ್ ಬೇಕು. ನೀವೂ ಬೇಕು. ಅವ್ರ ವಕೀಲ ಮೊದಲ ಏನ್ ಕೇಳ್ತಾನ ಗೊತ್ತೇನು? ಇದ್ದ ಕೈ ಅಳಸಾವ್ರು, ಇರದ ಕೈ ಬರಿಯಾಕೂ ಬಲ್ಲಿರಿ ಹೌದಿಲ್ಲೋ ಅಂತಾನ. ಅಳಿಸಿದ್ದು ನಾನ ಅಂತ ನೀವು ತುಂಬಿದ ಕೋರ್ಟಿನ್ಯಾಗ ಒಪ್ಪಬೇಕು. ಆಮ್ಯಾಲ ನಿಮ್ಮ ಅಂಗಡಿ ಕಡೆ ಯಾರರ ಬರ್ತಾರೇನು? ವಿಚಾರ ಮಾಡ್ರಿ."

ಬಸ್ಸಿನಲ್ಲಿ ವಿಚಾರ ಮಾಡಿದೆ. ರಾಯಬಾಗದಿಂದ ನಿಪ್ಪಾಣಿಯವರೆಗೆ ಗೋಡೆಗೋಡೆಯ ಮೇಲೆ ನಾನು ತೆಗೆದ ಹಿರಿಯರಿದ್ದಾರೆ. ನಾಳೆ ಎಲ್ಲರೂ ಗೋಡೆಯ ಮುಂದೆ ನಿಂತು, ಇಲ್ಲಿ ಯಾರಿದ್ದರು, ನಾಮದೇವ ಯಾರನ್ನು ತೆಗೆದ ಎಂದು ಕೇಳುತ್ತಾರೆ. ಕೇಳಲಿ.

ಫೆ. 20

ಬಾಬಾಸಾಹೇಬ ಬಂದ. ಸುದ್ದಿ ಜುಗೂಳಕ್ಕೆ ನನಗಿಂತ ಮೊದಲೇ ತಲುಪಿದೆ. ಚಹಾ ಬೇಡ ಎಂದ, ಕುಡಿದ.

"ಕಾಕಾ, ಅಪ್ಪನ ನೆಗೆಟಿವ್ ಕೊಟ್ಟಬಿಡ್ರಿ. ಮನ್ಯಾಗ ಇಟ್ಕೊತೀವಿ. ನೆನಪು."

"ನೆಗೆಟಿವ್ ಸ್ಟುಡಿಯೊದ್ದು. ಪಾವತಿಯ ಹಿಂದ ಛಾಪಿಸೇನಿ."

"ನಮ್ಮಪ್ಪನ ಮಾರಿ ನಿಮ್ಮದೇನ್ರಿ?"

"ಮಾರಿ ನಿಮ್ಮದು. ಕೈ ನಿಮ್ಮದಲ್ಲಂತ ನೀವ ಅಂದೀರಲ್ಲ."

ಲೋಟ ಕೆಳಗಿಟ್ಟ. ದನಿ ಇನ್ನೂ ಮೆತ್ತಗಾಯಿತು. "ಈ ಹಂಗಾಮಿನ್ಯಾಗ ನಮ್ಮ ಪೈಕಿ ಹದಿನಾಲ್ಕು ಲಗ್ನ ಅದಾವು ಕಾಕಾ."

"ಚಲೋ ಆತು. ಶುಭಾಶಯ ಹೇಳ್ರಿ."

ಎದ್ದು ಹೋದ. ಹಾಡುಹಗಲೇ ಬಾಗಿಲ ಚಿಲಕ ಹಾಕಿದೆ. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 4

ಹದಿನಾಲ್ಕೂ ಹೋದವು. ಅವುಗಳ ಹಿಂದೆ ಇನ್ನಷ್ಟು. ಮುಂಗಡ ಕೊಟ್ಟವರು ಮರಳಿ ಕೇಳುವ ಸಂಕೋಚಕ್ಕೆ ಚೀಟಿ ಬರೆದು ಕಳಿಸುತ್ತಿದ್ದಾರೆ. ಗುರುತಿನ ಚೀಟಿಯ ಕೆಲಸವನ್ನೂ ಬೇರೆ ಸ್ಟುಡಿಯೊಗೆ ಕೊಟ್ಟರಂತೆ. ಕಾರಣ ಬರೆದು ಕೊಡಿ ಎಂದೆ. ಗುಮಾಸ್ತ ನಕ್ಕ.

ಇಪ್ಪತ್ತಾರು ವರ್ಷ ಇದನ್ನು ನೋಡಿದ್ದೇನೆ. ನಮ್ಮ ಕಡೆ ಯಾರನ್ನೂ ಹೊಡೆಯುವುದಿಲ್ಲ. ಮಾತಾಡಿಸುವುದು ಬಿಡುತ್ತಾರೆ, ಗಿರಾಕಿ ಬಿಡಿಸುತ್ತಾರೆ. ಎದುರು ಬಂದರೆ "ಆರಾಮ?" ಎಂದು ಕೇಳುವುದು ಮಾತ್ರ ಬಿಡುವುದಿಲ್ಲ.

ಭೀಮಾಬಾಯಿ ಹೊಲಿಗೆ ಯಂತ್ರದ ಮೇಲಿನ ಮುಸುಕು ತೆಗೆದಳು. ಅವಳ ತವರಿನ ಕಸುಬು, ನಮ್ಮ ಹಿರಿಯರದೂ. "ನಿಮ್ಮ ಅಂಗಡ್ಯಾಗ ಗಿರಾಕಿ ಇಲ್ಲಂದ್ರ ಪಡದೇರ ಒಗೀರಿ, ಧೂಳ ತುಂಬೈತಿ" ಎಂದಳು.

ಪರದೆ ಒಗೆದೆ.

ಮಾರ್ಚ್ 12, ರವಿವಾರ

ಮಾಡಿದೆ.

ಡಬ್ಬಿಯಲ್ಲಿ ಇಪ್ಪತ್ತು ಇಂಚಿನ ಕಾಗದ ಒಂದೇ ಒಂದು ಉಳಿದಿತ್ತು. ಕೆಟ್ಟರೆ ಇನ್ನೊಂದಿಲ್ಲ. ಎನ್‌ಲಾರ್ಜರಿನ ತಲೆ ಮೇಲಿನ ತುದಿಗೆ ಏರಿಸಿದೆ. ಕೈಯ ಜಾಗಕ್ಕೆ ಬೆಳಕು ಇನ್ನೂ ನಾಲ್ಕು ಸೆಕೆಂಡು ಹೆಚ್ಚು ಕೊಟ್ಟೆ, ಹಚ್ಚೆಯ ಚುಕ್ಕೆ ಎದ್ದು ಬರಲೆಂದು. ಬಂದವು. ಐದೂ.

ಪಕ್ಕದ ಅಂಗಡಿಯ ಪಾರಿಸ ಗಾಜು ಕೂಡಿಸಿ ಚೌಕಟ್ಟು ಹಾಕಿಕೊಟ್ಟ. ಮೊದಲು ಒಲ್ಲೆ ಎಂದಿದ್ದ. "ನನಗೂ ಹೆಂಡ್ರು ಮಕ್ಳು ಅದಾರ ಮಾರಾಯ. ಬಾಬಾಸಾಹೇಬರ ಮನಿ ದ್ಯಾವರ ಫೋಟೊಕ್ಕೆಲ್ಲಾ ಚೌಕಟ್ಟ ಹಾಕಾವ ನಾನ." ಆಮೇಲೆ ಫೋಟೊ ನೋಡಿದ. ಸಾಗವಾನಿ ಪಟ್ಟಿ ಹುಡುಕಿ ತೆಗೆದ. "ಹಾಕೂದ ಹಾಕೂದು, ಚಲೋದ ಹಾಕೂಣು."

ಶೋಕೇಸಿನಲ್ಲಿದ್ದ ಮದುಮಕ್ಕಳನ್ನೆಲ್ಲ ಇಳಿಸಿದೆ. ನಡುವೆ ಇದೊಂದೇ. ಮಿರಜ ರಸ್ತೆಗೆ ಮುಖ ಮಾಡಿ.

ಮಾರ್ಚ್ 14

ಅಂಗಡಿ ಮುಂದೆ ನಿನ್ನೆಯಿಂದ ಜನ. ಸೈಕಲ್ ನಿಲ್ಲಿಸಿ ನೋಡುತ್ತಾರೆ. "ಇದು ಯಾರ ಕೈ?" ಎಂದು ಒಬ್ಬ ಕೇಳಿದರೆ ಉತ್ತರ ಕೊಡಲು ಹತ್ತು ಜನ.

ಹನ್ನೊಂದಕ್ಕೆ ಬಾಬಾಸಾಹೇಬನ ಜೀಪು. ಇಳಿದವನೇ, "ತಗೀರಿ ಅದನ್ನ!"

"ಒಮ್ಮೆ ತಗದಿದ್ದೆ. ಅದಕ್ಕ ಈಗ ಹಾಕೇನಿ."

"ಅದು ಆಳಿನ ಕೈ! ತಲಿ ಹಿಡಿಯಾಕ ಆಳಿಗೆ ಹೇಳಿದ್ವಿ. ಅದರಾಗೇನೈತಿ?"

ಸೈಕಲ್ ಹಿಡಿದು ಹೊರಟಿದ್ದವರೂ ತಿರುಗಿ ಬಂದರು. ತಾನು ಏನು ಒಪ್ಪಿಕೊಂಡೆನೆಂದು ಅವನಿಗೆ ಗೊತ್ತಾಗಲಿಲ್ಲ. ಪಾರಿಸ ಸುತ್ತಿಗೆ ಹಿಡಿದೇ ತನ್ನ ಅಂಗಡಿಯಿಂದ ಇಳಿದುಬಂದ. ಅಂಜುಬುರುಕ ಪಾರಿಸ! "ಸಾವಕಾರ್ರ, ಒಂದ ಮಾತ ಕೇಳ್ತೀನಿ. ಇಬತ್ತಿ ಹಚ್ಚಿದ ಮ್ಯಾಲ ನಿಮ್ಮ ಮನ್ಯಾಗ ಆಳು ಮುಟ್ಟತಾರೇನ್ರಿ?"

ನಾನು ಹೇಳಿದೆ: "ಅವತ್ತ ರುಮಾಲ ಸರಿ ಮಾಡಾಕ ನನಗ ಬಿಡಲಿಲ್ಲ. ಮನಿಯವ್ರ ಬಿಟ್ಟು ಯಾರೂ ಮುಟ್ಟೂಹಂಗಿಲ್ಲ ಅಂದ್ರಿ. ನಿಮ್ಮ ಮಾತ. ಈಗ ನೀವ ಹೇಳ್ರಿ. ಅಕಿ ಮನಿಯಾಕಿ, ಇಲ್ಲಾ ಹೊರಗಿನಾಕಿ ಕಡಿಂದ ನಿಮ್ಮಪ್ಪನ್ನ ನೀವ ಮುಟ್ಟಿಸೀರಿ. ಎರಡರಾಗ ಯಾವ್ದು?"

ಸತ್ತೆವ್ವನ ಕೇರಿ ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವನ ದಾಯಾದಿಗಳಲ್ಲೂ ಇಬ್ಬರು ನಿಂತಿದ್ದರು. ಬಾಬಾಸಾಹೇಬ ಅವರ ಕಡೆ ನೋಡಿದ. ಅವರು ಫೋಟೊ ನೋಡುತ್ತಿದ್ದರು.

ಜೀಪು ಹೋಯಿತು. ಐದು ನಿಮಿಷದ ಮೇಲೆ ಕಲ್ಲೊಂದು ಬಂತು, ಯಾರೆಸೆದರೋ ಕಾಣಲಿಲ್ಲ. ಶೋಕೇಸಿನ ಗಾಜು ಹೋಯಿತು. ಪಾರಿಸ ಚೌಕಟ್ಟಿಗೆ ಹಾಕಿದ್ದ ಗಾಜು ಉಳಿಯಿತು. ಸಂಜೆಯವರೆಗೂ ಅದನ್ನೇ ಹೇಳಿಕೊಂಡು ತಿರುಗಿದ.

ಬರೆಯುತ್ತಿರುವಾಗ ಒಂದು ಮುಜುಗರ. ಮುಟ್ಟು-ಮೈಲಿಗೆಯ ಮಾತು ಹಿಡಿದು ಗೆದ್ದೆ. ನಾನು ಒಪ್ಪದ ಕಟ್ಟು ಅದು. ಅವನ ಕಟ್ಟಿನಿಂದಲೇ ಅವನನ್ನು ಕಟ್ಟಿಹಾಕಿದೆ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಪೂರ್ತಿ ಸಮಾಧಾನವಿಲ್ಲ.

ಮಾರ್ಚ್ 27, ಸೋಮವಾರ

ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಕಸ್ತೂರೆವ್ವ. ಮುರಗೆಪ್ಪನ ಹಿರಿಯ ಹೆಂಡತಿ, ಬಾಬಾಸಾಹೇಬನ ತಾಯಿ. ಜಗಳಕ್ಕೆ ಬಂದಳೆಂದುಕೊಂಡೆ.

ಫೋಟೊದ ಮುಂದೆ ನಿಂತು ಕನ್ನಡಕ ಸರಿ ಮಾಡಿಕೊಂಡಳು. ಕೈಯ ಮೇಲೆ ಬೆರಳಿಟ್ಟಳು.

"ಕರ್ಸಿದಾಕಿ ನಾನ," ಎಂದಳು.

ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಹೆಣದ ತಲಿ ಹಿಡಿ ಅಂದ್ರ ನನ್ನ ಮೂರೂ ಮಕ್ಳು ಹಿಂದಕ ಸರದ್ರು. ಈ ಬಾಬ್ಯಾ ಅಂತೂ ವಾಂತಿ ಬರ್ತತಿ ಅಂತ ಹಿತ್ತಲಕ ಓಡಿ ಹೋದಾ. ನಾನು ಮುಂದ ಕೂಡಬೇಕು, ಫೋಟೊದಾಗ ಬರಬೇಕು. ಇನ್ನ್ಯಾರು ಹಿಡೀಬೇಕ್ರಿ? ಅಕಿ ಅಗಸಿ ಬಾಗಲ ಹೊರಗ ನಿಂತು ಅಳಾಕತ್ತಿದ್ಲು. ಬಾ ಬೇ, ನಿನಗೂ ಗಂಡನ, ಹಿಡಿ ಬಾ ಅಂದೆ. ಬಂದ್ಲು. ಹೊಸ್ತಲಾ ದಾಟಿ ಬಂದ್ಲು."

"ಇಷ್ಟ ವರ್ಷ ಯಾಕ ಹೇಳ್ಲಿಲ್ರಿ ಅವ್ವಾರ?"

"ನೀವು ಕೈ ಅಳಸಾಕತ್ತಾಗ ಯಾರ್ದಂತ ಕೇಳಿದ್ರೇನು?"

ಕುರ್ಚಿಯನ್ನು ಅವಳ ಹತ್ತಿರ ಇನ್ನಷ್ಟು ಸರಿಸಿದೆ.

ಅವಳು ಅದರ ಬೆನ್ನು ಹಿಡಿದು ಹೇಳಿದಳು: "ಅಕಿ ಮ್ಯಾಲ ನನಗ ಮಾಯೆ-ಮಮತೆ ಏನಿಲ್ಲ. ಅಕಿ ಹೆಸರ ತಗದ್ರ ಇವತ್ತಿಗೂ ನನ್ನ ಹೊಟ್ಟಿ ಉರೀತತಿ. ಆದ್ರ ಆ ಮನಿ ಅವ ಕಟ್ಟಿಸಿ ಕೊಟ್ಟಿದ್ದು. ಕೊಟ್ಟಿದ್ದ ಕಸಗೊಂಡ್ರ ಅವನ ಮಾತ ಹೋಗ್ತತಿ. ತಾರೀಕ ಎಂದ ಐತಿ?"

"ಏಪ್ರಿಲ್ ಹನ್ನೊಂದು. ಅಥಣಿ."

"ನಾನೂ ಬರ್ತೀನಿ. ಬಾಬ್ಯಾಗ ಹೇಳೂದಿಲ್ಲ. ಮಗಳ ಮನಿಗೆ ಹೊಂಟೇನಿ ಅಂತೀನಿ." ಮೆಟ್ಟಿಲಿಳಿದು ಮತ್ತೆ ತಿರುಗಿದಳು. "ಆ ಗುರುತಿನ ಚೀಟ್ಯಾಗ ನನ್ನ ಮಾರಿ ಎಮ್ಮಿ ಮಾರಿಗತೆ ತಗದೀರಿ. ಸರಕಾರಕ್ಕ ಕೊಡೂಮುಂದ ನೋಡಬಾರ್ದೇನು?"

ಏಪ್ರಿಲ್ 11, ಮಂಗಳವಾರ, ಬೆಳಿಗ್ಗೆ 7.10

ನೆಗೆಟಿವ್ ಬೆಣ್ಣೆ ಕಾಗದದಲ್ಲಿ, ಕಾಗದ ಲಕೋಟೆಯಲ್ಲಿ, ಲಕೋಟೆ ಒಳಜೇಬಿನಲ್ಲಿ. ಭೀಮಾಬಾಯಿ ಜೇಬಿನ ಬಾಯಿಗೆ ನಾಲ್ಕು ಹೊಲಿಗೆ ಹಾಕಿದ್ದಾಳೆ. ಕೋರ್ಟಿನಲ್ಲಿ ಕಿತ್ತುಕೊಡಬೇಕು.

ರಾತ್ರಿ ಓಣಿಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದಾರೆ: ಸುಳ್ಳು ಫೋಟೊದವ. ಅಳಿಸಲು ಪಾರಿಸ ಸುಣ್ಣ ತಂದಿದ್ದ. ಇರಲಿ ಎಂದೆ. 1984ರ ಮಟ್ಟಿಗೆ ಅದು ನಿಜ.

ಕಸ್ತೂರೆವ್ವ ಆಗಲೇ ಬಸ್‌ಸ್ಟ್ಯಾಂಡಿನಲ್ಲಿದ್ದಾಳಂತೆ, ಬುತ್ತಿ ಕಟ್ಟಿಕೊಂಡು. ಸತ್ತೆವ್ವ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ ಎಂದು ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ. ನಡುವೆ ನಾನು ಕೂರಬೇಕು.

ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ವಕೀಲ ಕೇಳುತ್ತಾನೆ, ಅಳಿಸಿದವರು ಯಾರು? ನಾನು. ಯಾರೂ ಬಲವಂತ ಮಾಡಲಿಲ್ಲ. ಯಾರ ಕೈ ಎಂದು ಕೇಳಿದಿರಾ? ಇಲ್ಲ. ಮತ್ತೆ ಈಗ ಯಾಕೆ?

ಈಗಷ್ಟೇ ಸತ್ತೆವ್ವನನ್ನೇ ಕೇಳಿದೆ, ಇದಕ್ಕೆ ಏನು ಹೇಳಲಿ ಎಂದು. "ಇದ್ದದ್ದ ಹೇಳ್ರಿ. ಇದೂ ತಪ್ಪೈತಿ, ಸರಿ ಮಾಡಾಕ ಹೇಳ್ರಿ" ಎಂದು ಗುರುತಿನ ಚೀಟಿ ತೋರಿಸಿದಳು. ಊರವರದೆಲ್ಲ ಮೊದಲೇ ಬಂದಿತ್ತು, ಇವಳದು ನಿನ್ನೆ ಬಂದಿದೆ. ಗಂಡನ ಹೆಸರಿನ ಜಾಗ ಖಾಲಿ. ಫೋಟೊ ನಾನು ತೆಗೆದದ್ದೇ, ಆದರೆ ಚೀಟಿಯ ಅಳತೆಗೆ ಯಾರೋ ಕೆಳಗಿನಿಂದ ಕತ್ತರಿಸಿದ್ದಾರೆ. ಮುಖ ಇದೆ. ಸ್ಲೇಟಿಲ್ಲ. ಕೈಯಿಲ್ಲ.

ಚೀಟಿಯನ್ನೂ ಜೇಬಿಗೆ ಹಾಕಿಕೊಂಡೆ. ಇದನ್ನೂ ನ್ಯಾಯಾಧೀಶರ ಮುಂದಿಟ್ಟು ಹೇಳುತ್ತೇನೆ. ಸ್ವಾಮಿ, ಈ ಹೆಂಗಸನ್ನು ಎರಡು ಸಲ ಫೋಟೊ ತೆಗೆದಿದ್ದೇನೆ, ಎರಡು ಸಲವೂ —

ಬಸ್ಸು. ಸ್ಟ್ಯಾಂಡಿನಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಟ್ಟೆಯಿಂದ ಸತ್ತೆವ್ವ: "ಏಳ್ರಿ ನಾಮದೇವಣ್ಣ, ಆಮ್ಯಾಲ ಬರೀರಿ, ಮೊದಲ ಹೋಗಿ ಹೇಳ್ರಿ."